ದೇವರ ಮನೆಯ ಗೋಡೆ

ಅಕ್ಕನ ಹಿಮ್ಮಡಿ ಗೋಡೆಗೆ ತಾಗುವ ಧಪ್ ಎನ್ನುವ ಸದ್ದು. ಮೊನ್ನೆ ವಿಜಯನಗರದ ಕ್ಲಿನಿಕ್ಕಿನಲ್ಲಿ, ವಾಕಿಂಗ್ ಆದಮೇಲೆ ಕಾಲು ಊದುತ್ತದೆ ಎಂದು ನಾನು ಹೇಳಿದ್ದಕ್ಕೆ ಫಿಸಿಯೋ ಹುಡುಗಿ, "ಗೋಡೆಗೆ ಕಾಲೆತ್ತಿ ಮಲಗಿ ಆಂಟಿ, ರಕ್ತ ವಾಪಸ್ ಇಳೀಲಿ" ಎಂದಾಗ ಅದು ಮತ್ತೆ ಕೇಳಿಸಿತು.

ನಾವು ಚಿಕ್ಕವರಿದ್ದಾಗ, ರಾಜಾಜಿನಗರದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ಓಟದ ಪ್ರಾಕ್ಟೀಸ್ ಮುಗಿಸಿ ಬಂದು, ತಣ್ಣಗಿನ ರೆಡ್ ಆಕ್ಸೈಡ್ ನೆಲದ ಮೇಲೆ ಮಲಗಿ ಗೋಡೆಗೆ ಕಾಲು ಚಾಚಿದ್ದಳು. ಕಾನ್ವೆಂಟಿನ ಗೇಮ್ಸ್ ಟೀಚರ್ ಹೇಳಿಕೊಟ್ಟ ಉಪಾಯ ಅದು. ಮರುದಿನ ಫೈನಲ್ಸ್ ಇತ್ತು. ಅವಳ ಕ್ಯಾನ್ವಾಸ್ ಶೂ ಒಮ್ಮೆ ಹಾಕಿಕೊಳ್ಳುತ್ತೇನೆಂದರೆ ಕೊಡಲಿಲ್ಲ. ನಾನು ನೆಟ್ಟಗೆ ಅಡುಗೆಮನೆಗೆ ಹೋದೆ.

"ಅಜ್ಜಿ, ಅಕ್ಕ ದೇವರ ಮನೆ ಗೋಡೆಗೆ ಕಾಲಿಟ್ಟಿದಾಳೆ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಗೋಡೆ ಆಚೆ ಲಿಂಗ, ಈಚೆ ನಿನ್ನ ಪಾದವೇನೇ? ಏಳು."

"ರಕ್ತ ಇಳೀಬೇಕು ಅಜ್ಜಿ. ನಾಳೆ ಓಡ್ಬೇಕು."

"ನಾನು ಇಳಿಸ್ತೀನಿ. ದೀಪ ಹಚ್ಚೋವರೆಗೂ ಕೈ ಮುಗ್ಕೊಂಡು ಅಲ್ಲೇ ನಿಂತಿರು."

ನಿಂತಳು. ಮರುದಿನ ಅರ್ಧ ಟ್ರ್ಯಾಕಿನಲ್ಲೇ ಮೀನಖಂಡ ಹಿಡಿದುಕೊಂಡು ಕುಳಿತುಬಿಟ್ಟಳು. "ಇನ್ನು ಸಾಕು ಈ ಓಟ" ಎಂದರು ಅಪ್ಪ. ಶೂ ನನ್ನ ಪಾಲಿಗೆ ಬಂತು. ಕಾಲಿಗೆ ದೊಡ್ಡದಾಗಿತ್ತು.

ಅಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಕೆಂಗೇರಿಯಲ್ಲಿ, ಅವಳ ಮಗಳ ಫ್ಲ್ಯಾಟಿನಲ್ಲಿ. ಡಾಕ್ಟರ್ ಹೇಳಿದಂತೆ, ಊದಿದ ಎರಡೂ ಕಾಲನ್ನು ಎತ್ತಿ ಗೋಡೆಗೆ ಆನಿಸಿದ್ದರು. ನನ್ನನ್ನು ಕಂಡು ನಕ್ಕಳು.

"ಈ ಗೋಡೆ ಆಚೆ ಇರೋದು ಬಾತ್‌ರೂಮ್ ಕಣೇ," ಎಂದಳು. "ಈಗ ಹೋಗಿ ಯಾರಿಗೆ ಹೇಳ್ತೀಯ?"