ಹತ್ತನೆಯವನು

ಬಾಗಿಲಲ್ಲಿ ಚಹಾ ಅಂಗಡಿಯ ತುರ್ಸುನ್ ನಿಂತಿರುವುದನ್ನು ನೋಡಿ ಇಸ್ಹಾಕನ ಎದೆ ಧಸಕ್ಕೆಂದಿತು.

"ನೀನ್ಯಾಕೋ ಬಂದೆ? ಸುಲೈಮಾನ್ ಎಲ್ಲಿ?"

"ಅವನಿಗೆ ಚಳಿಜ್ವರ ಇಸ್ಹಾಕ್ ಅಕಾ, ಎದ್ದು ಕೂರೋಕೂ ಆಗ್ತಿಲ್ಲ. ಹತ್ತು ಜನ ಆಗ್ಲಿಲ್ಲ ಅಂದ್ರೆ ಕೆಲಸ ಕೆಡುತ್ತಲ್ಲ ಅಂತ ನಾನೇ ಬಂದೆ."

"ಬಂದು ಪೂರ್ತಿ ಕೆಡಿಸ್ದೆ. ಆ ಬಹ್ರಾಮ್ ದಿನಾ ಕೂತು ಚಹಾ ಕುಡಿಯೋದು ನಿನ್ನ ಅಂಗಡೀಲೇ ಅಲ್ವೇನೋ? ನೀನು ಎಷ್ಟು ಹೊತ್ತಿಗೆ ಅಂಗಡಿ ಬಿಟ್ಟು ನಮಾಜಿಗೆ ಓಡ್ತೀಯ ಅನ್ನೋದೂ ಅವನಿಗೆ ಗೊತ್ತು."

ತುರ್ಸುನ್ ತಲೆ ಕೆರೆದುಕೊಂಡ. ಬೇರೆ ಜನ ಹುಡುಕಲು ಹೊತ್ತಿರಲಿಲ್ಲ. ಇಸ್ಹಾಕ್ ಒಂದು ಬಿಳಿ ಶಾಲು ತಂದು ಅವನ ತಲೆಯ ಮೇಲಿಂದ ಮೂಗಿನವರೆಗೆ ಎಳೆದು, ಕೊನೆಯ ಬೆಂಚಿನ ಮೂಲೆಗೆ ತಳ್ಳಿದ.

ಸಮರ್ಕಂದದಿಂದ ಅರ್ಧ ದಿನದ ದಾರಿಯ ಆ ಪುಟ್ಟ ಊರಿನಲ್ಲಿ ಯಹೂದಿಗಳ ಈ ಪ್ರಾರ್ಥನಾ ಮಂದಿರಕ್ಕೆ ಇನ್ನೂರು ವರ್ಷ. ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿ ಎಂದು ಇಸ್ಹಾಕ್ ಅರ್ಜಿ ಹಾಕಿದ್ದ. ತಾಷ್ಕೆಂಟಿನಿಂದ ಬಂದು ಕೂತ ಬಹ್ರಾಮ್‌ಗೆ ಅದೇ ಜಾಗದಲ್ಲಿ ಹೋಟೆಲು ಕಟ್ಟಬೇಕಿತ್ತು. ಅಲ್ಲಿ ಪ್ರಾರ್ಥನೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ, ಪಾಳು ಗೋಡೆಗೆ ಪಟ್ಟ ಕಟ್ಟಬೇಡಿ ಎಂದು ಅವನು ತಕರಾರು ತೆಗೆದ. ಶನಿವಾರ ಬಂದು ಕಣ್ಣಾರೆ ನೋಡುತ್ತೇವೆ ಎಂದಿತು ಸ್ಮಾರಕಗಳ ಕಚೇರಿ. ಪ್ರಾರ್ಥನೆ ನಡೆಯುತ್ತಿದ್ದರೆ ಸ್ಮಾರಕ, ಇಲ್ಲವಾದರೆ ಹರಾಜು. ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕು. ಒಂಬತ್ತಾದರೆ ಲೆಕ್ಕಕ್ಕಿಲ್ಲ.

ಊರು ಬಿಟ್ಟು ನ್ಯೂಯಾರ್ಕಿಗೆ ಹೊರಟ ದಿನ ಬಾಲ್ಯದ ಗೆಳೆಯ ಪಿನ್ಹಾಸ್ ಮಂದಿರದ ಬೀಗದ ಕೈಯನ್ನು ಇಸ್ಹಾಕನ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದ. "ಇದು ಅಮಾನತ್ತು ಕಣೋ, ನಂಬಿ ಒಪ್ಪಿಸಿದ್ದು. ನೀನಿರೋವರೆಗೂ ದೇವರ ಮನೆ ಬೀಳಬಾರದು." ಇಬ್ಬರೂ ಒಂದೇ ಓಣಿಯ ಧೂಳಿನಲ್ಲಿ ಹೊರಳಾಡಿ ಬೆಳೆದವರು. ಆ ಮಾತು ತಪ್ಪಿದರೆ ಯಾವ ಮುಖ ಹೊತ್ತು ಸಾಯಲಿ ಎಂಬ ಸಂಕಟ ಇಸ್ಹಾಕನನ್ನು ತಿಂಗಳಿಂದ ತಿನ್ನುತ್ತಿತ್ತು.

ಮುಂದಿನ ಬೆಂಚಿನಿಂದ ಹೊಗೆ ಎದ್ದಿತು. ಇಸ್ಹಾಕ್ ಹಾರಿಹೋಗಿ ಮೂಸಾನ ಬಾಯಿಂದ ಸಿಗರೇಟು ಕಿತ್ತ.

"ಇವತ್ತು ಶನಿವಾರ ಕಣೋ, ಬೆಂಕಿ ಹಚ್ಚೋ ಹಾಗಿಲ್ಲ. ವಯಸ್ಸಾದ್ರೆ ಸಾಲ್ದು, ಬುದ್ಧಿನೂ ಬೇಕು."

"ಕೈ ತಾನಾಗಿ ಜೇಬಿಗೆ ಹೋಯ್ತು, ಮರೆತೆ" ಎಂದ ಮೂಸಾ.

ಹೊರಗೆ ಕಾರು ನಿಂತಿತು. ಕಚೇರಿಯ ಮುನಿರಾ ಮೆಲ್ಲಗೆ ಒಳಬಂದು ಗೋಡೆಗೆ ಒರಗಿ ನಿಂತಳು. ಹಿಂದೆಯೇ ಬಹ್ರಾಮ್. ಇಸ್ಹಾಕ್ ಪುಸ್ತಕ ತೆರೆದು ಕಣ್ಣು ಮುಚ್ಚಿ ದನಿ ಎತ್ತಿದ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ರಾಗ ಅದು, ತಾನಾಗಿ ಬಂತು. ಉಳಿದವರು ತೂಗುತ್ತಾ ಗುನುಗಿದರು. ಮುನಿರಾಳ ಮುಖ ಸಡಿಲವಾಯಿತು. ಬಹ್ರಾಮ್ ಮಾತ್ರ ಬೆಂಚಿಂದ ಬೆಂಚಿಗೆ ಕಣ್ಣು ಹಾಯಿಸುತ್ತಲೇ ಇದ್ದ.

ಪ್ರಾರ್ಥನೆ ಮುಗಿಯಿತು. ಇಸ್ಹಾಕ್ ಅತಿಥಿಗಳ ಮುಂದೆ ರೊಟ್ಟಿಯ ಬಟ್ಟೆ ಬಿಚ್ಚಿದ. ಬಹ್ರಾಮ್ ಅದರ ಕಡೆ ನೋಡಲೂ ಇಲ್ಲ. ನೆಟ್ಟಗೆ ಮೂಲೆಗೆ ಹೋಗಿ ಶಾಲು ಎಳೆದ.

"ನೋಡಿ ಮೇಡಂ. ಇವನು ಚಹಾದ ತುರ್ಸುನ್, ಅಪ್ಪಟ ಮುಸಲ್ಮಾನ. ಅಂದ್ರೆ ಇಲ್ಲಿರೋದು ಒಂಬತ್ತೇ ಜನ. ನಿಮ್ಮ ಕಣ್ಣಿಗೆ ಮಣ್ಣೆರಚ್ತಿದಾರೆ."

ತುರ್ಸುನ್ ನೆಲ ನೋಡಿದ.

"ಏನಿದು ಅಕಾ?" ಮುನಿರಾಳ ದನಿ ಗಡುಸಾಯಿತು. "ಇವರು ಬೇರೆ ಮತದವರಾ?"

"ಹಾಗೆ ಕೇಳಿದ್ರೆ ಬಾಯಿ ಬಿಡ್ತಾರಾ?" ಬಹ್ರಾಮ್ ನಕ್ಕ. "ಚಹಾದವನ ಮತ ಬೇರೆ, ಉಳಿದವರ ಮತ ಬೇರೆ. ಅಲ್ಲ ಅನ್ನೋದಾದ್ರೆ ರೊಟ್ಟಿ ಹಿಡಿದು ಹೇಳ್ಲಿ ಮುದುಕ. ಈಗಿಂದೀಗ್ಲೇ ತಕರಾರು ವಾಪಸ್ ತಗೊಂಡು ಹೋಗ್ತೀನಿ."

ಬಹ್ರಾಮ್‌ಗೆ ಜನರ ನಾಡಿ ಗೊತ್ತಿತ್ತು. ಆ ನೆಲದಲ್ಲಿ ಕಳ್ಳನೂ ರೊಟ್ಟಿ ಮುಟ್ಟಿ ಸುಳ್ಳು ಹೇಳುವುದಿಲ್ಲ. ಇಸ್ಹಾಕನಂತೂ ತಮಾಷೆಗೂ ಆಣೆ ಹಾಕಿದವನಲ್ಲ.

ಅವನು ರೊಟ್ಟಿಯನ್ನೇ ನೋಡುತ್ತಾ ನಿಂತ.

"ಇವನ ಮತ ಬೇರೆ, ನಮ್ಮದು ಬೇರೆ ಅಂತ ತಾನೇ ನೀನು ಹೇಳೋದು?"

"ಅಷ್ಟೇ."

ಇಸ್ಹಾಕ್ ಎರಡೂ ಕೈಯಲ್ಲಿ ರೊಟ್ಟಿ ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡ.

"ಕೇಳು ಮಗಳೇ. ಇಲ್ಲಿರೋ ಹತ್ತೂ ಜನರ ಮತ ಒಂದೇ. ಇವನು ತಲೆಬಾಗೋ ದೇವರಿಗೇ ನಾನೂ ತಲೆಬಾಗೋದು, ಇವನು ಬಾಗೋ ಹಾಗೇ ಬಾಗೋದು. ಸುಳ್ಳಾದ್ರೆ ಈ ರೊಟ್ಟಿಯೇ ನನ್ನನ್ನ ಹೊಡೀಲಿ."

ಬಹ್ರಾಮ್ ಕೈಯಲ್ಲಿದ್ದ ಶಾಲನ್ನು ಬೆಂಚಿನ ಮೇಲೆ ಬಿಟ್ಟ. ರೊಟ್ಟಿಯ ಮಾತಿನ ಮೇಲೆ ಮಾತಿಲ್ಲ. ಮುನಿರಾ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು.

"ಇದು ಜೀವಂತ ಮಂದಿರ ಅಕಾ. ಸ್ಮಾರಕ ಅಂತಲೇ ಬರೀತೀನಿ. ಇನ್ನು ಇದರ ಒಂದು ಇಟ್ಟಿಗೆಯನ್ನೂ ಯಾರೂ ಅಲ್ಲಾಡಿಸೋ ಹಾಗಿಲ್ಲ."

ಕಾರು ಓಣಿ ದಾಟಿತು. ಇಸ್ಹಾಕ್ ಬೆಂಚಿನ ಮೇಲೆ ಕುಸಿದು ಕೂತ. ಎದೆಯ ಮೇಲಿನ ಕಲ್ಲು ಇಳಿದಿತ್ತು.

"ಪಿನ್ಹಾಸ್‌ಗೆ ಫೋನ್ ಹಚ್ಚೋಣ್ವಾ?" ಎಂದ ಮೂಸಾ.

"ಶನಿವಾರ ಅವನು ಫೋನ್ ಮುಟ್ಟಲ್ಲ ಮಾರಾಯ. ನಾಳೆ ಹೇಳಿದ್ರಾಯ್ತು. ಈಗ ಏಳ್ರೋ, ಹೊತ್ತು ಮೀರ್ತಿದೆ."

ಹತ್ತೂ ಜನ ಟೋಪಿ ಸರಿಮಾಡಿಕೊಂಡು, ಮಧ್ಯಾಹ್ನದ ನಮಾಜಿಗೆ ತಡವಾಯಿತೆಂದು ಮಸೀದಿಯ ಕಡೆ ದಾಪುಗಾಲು ಹಾಕಿದರು.