ಅಮ್ಮನ ಮೊಣಕಾಲಿನ ಮುಲಾಮು

ಗೋಡೆಯ ಮೇಲಿಂದ ಕೈ ಚಾಚಿದ ಅಂಪಾರೊಗೆ ಗಾಂಜಾ ಗಿಡದ ತುದಿ ಸಿಕ್ಕಿತು. ಕತ್ತರಿ ಆಡಿಸಿದಳು. ನಾಲ್ಕೈದು ಕುಡಿಗಳು ಏಪ್ರನ್ನಿನ ಜೇಬಿಗೆ ಬಿದ್ದವು. ಚರ್ಚಿನ ಗಂಟೆ ಹೊಡೆಯುತ್ತಿತ್ತು. ಪಕ್ಕದ ಮನೆಯ ದೋನ್ ಫಿದೆನ್ಸಿಯೊ ಈಗ ಬಲಿಪೂಜೆಯಲ್ಲಿ, ಕೊನೆಯ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತಾರೆ. ದೇವರ ಮುಂದೆ ಕೂತವರ ಹಿತ್ತಲಲ್ಲೇ ಕಳ್ಳತನ. ಶಿಲುಬೆಯ ಗುರುತು ಮಾಡಿಕೊಳ್ಳಲೆಂದು ಕೈ ಎತ್ತಿದಳು. ಕೈಯಲ್ಲಿ ಕತ್ತರಿ ಇತ್ತು. ಹಾಗೇ ಇಳಿಸಿದಳು.

ಒಲೆಯ ಮೇಲೆ ಹಂದಿಕೊಬ್ಬು ಆಗಲೇ ಕರಗಿತ್ತು. ಹೋದ ವಾರ ಕಿತ್ತು ನೆರಳಲ್ಲಿ ಒಣಗಿಸಿದ್ದ ಎಲೆಗಳನ್ನು ಕಾವಲಿಯ ಮೇಲೆ ಬೆಚ್ಚಗೆ ಮಾಡಿ, ಪುಡಿಮಾಡಿ ಅದಕ್ಕೆ ಹಾಕಿದಳು. ಜೊತೆಗೆ ರೋಸ್ಮರಿ, ಆರ್ನಿಕಾ ಹೂ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ. ಕುದಿಯಬಾರದು, ಬರೀ ಬೆವರಬೇಕು. ಆಮೇಲೆ ಬಟ್ಟೆಯಲ್ಲಿ ಸೋಸಿ ಜೇನುಮೇಣ ಬೆರೆಸಿದರೆ, ಆರುತ್ತ ಆರುತ್ತ ಹಸಿರು ಮುಲಾಮು ಗಟ್ಟಿಯಾಗುತ್ತದೆ. ಮಿಚೊವಾಕಾನ್ ಪ್ರಾಂತ್ಯದ ಈ ಬೆಟ್ಟದೂರುಗಳಲ್ಲಿ ಯಾವ ಅಜ್ಜಿಯ ಮಂಚದ ಕೆಳಗೆ ಬಗ್ಗಿ ನೋಡಿದರೂ ಇಂಥದ್ದೊಂದು ಡಬ್ಬಿ ಸಿಗುತ್ತಿತ್ತು. ಅದು ಅಪರಾಧವೆಂದು ಯಾರಿಗೂ ಅನಿಸಿರಲಿಲ್ಲ.

ಅಂಪಾರೊಗೂ ಅನಿಸಿರಲಿಲ್ಲ, ಹೋದ ವರ್ಷ ದೋನ್ ಫಿದೆನ್ಸಿಯೊರ ನಾಯಿ ಗೋಡೆ ಹಾರಿ ಬರುವವರೆಗೆ. ತಂಗಿಯ ಮಗುವಿನ ಜ್ಞಾನಸ್ನಾನದ ಊಟಕ್ಕೆಂದು ಸಾಕಿದ್ದ ಟರ್ಕಿ ಕೋಳಿಗಳು ಅಂಗಳದಲ್ಲಿ ಸತ್ತು ಬಿದ್ದಿದ್ದವು. ಸಿಟ್ಟು ನೆತ್ತಿಗೇರಿತು. ಅಮ್ಮ ಅಡುಗೆಮನೆಯಲ್ಲಿದ್ದಾಗ ದನಿ ಬದಲಿಸಿ ಪೊಲೀಸರಿಗೆ ಫೋನ್ ಮಾಡಿದಳು. ಪಕ್ಕದ ಮನೆಯಲ್ಲಿ ಏನೇನು ಬೆಳೆದಿದೆ ಬಂದು ನೋಡಿ ಎಂದಳು. ದಂಡ ಹಾಕುತ್ತಾರೆ, ಬುದ್ಧಿ ಬರುತ್ತದೆ, ಅಷ್ಟೇ ಅಂದುಕೊಂಡಿದ್ದಳು. ಬಂದವರು ಗಿಡಗಳನ್ನೆಲ್ಲ ಕಿತ್ತು ಬಿಸಾಡಿದರು. ಅಡ್ಡ ಬಂದ ದೋನ್ ಫಿದೆನ್ಸಿಯೊ ತಳ್ಳಾಟದಲ್ಲಿ ಕಲ್ಲಿನ ಮೆಟ್ಟಿಲುಗಳಿಂದ ಉರುಳಿದರು. ಮೊಣಕಾಲು ಚೂರಾಯಿತು. ಹಳೆಯ ಡಬ್ಬವೊಂದರಲ್ಲಿ ಜಿರೇನಿಯಂ ಹೂಗಿಡಗಳ ನಡುವೆ ಇದ್ದ ಒಂದೇ ಒಂದು ಸಸಿ ಪೊಲೀಸರ ಕಣ್ಣಿಗೆ ಬೀಳದೆ ಉಳಿಯಿತು.

ಫೋನಿನ ಮಾತನ್ನು ಅಂಪಾರೊ ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಪಕ್ಕದ ಮನೆಯ ಕಡೆ ಮುಖ ಎತ್ತಿ ನೋಡುವುದನ್ನೂ ಬಿಟ್ಟಳು.

ಮುಂದಿನ ಚಳಿಗಾಲದಲ್ಲಿ ಅಮ್ಮ ದೋನ್ಯಾ ತ್ರಿನಿಗೆ ಮೊಣಕಾಲು ನೋವು ಶುರುವಾಯಿತು. "ನಿಮ್ಮಜ್ಜಿಯ ಮುಲಾಮು ಮಾಡಿಕೊಡೇ. ಗಿಡ ಗೋಡೆಯಾಚೆನೇ ಇದೆಯಲ್ಲ, ನಾಲ್ಕು ಎಲೆ ಕಿತ್ತುಕೊಂಡ್ರೆ ಏನೂ ಕಮ್ಮಿ ಆಗಲ್ಲ."

ಬೇರೆ ಯಾರ ಮನೆಯಲ್ಲೂ ಗಿಡ ಉಳಿದಿರಲಿಲ್ಲ. ಆ ದಾಳಿಯ ಹೆದರಿಕೆಗೆ ಬೀದಿಯವರೆಲ್ಲ ತಾವೇ ಕಿತ್ತುಹಾಕಿದ್ದರು. ಕದಿಯದೆ ದಾರಿಯಿರಲಿಲ್ಲ.

ಈಗ ಅವಳು ಬಿಸಿ ಮುಲಾಮನ್ನು ಡಬ್ಬಿಗೆ ಸುರಿಯುತ್ತಿದ್ದಾಗ ಅಮ್ಮ ಕುಂಟುತ್ತ ಬಂದರು.

"ಮುಂದಿನ ಸಲ ಸ್ವಲ್ಪ ಖಡಕ್ಕಾಗಿ ಮಾಡು. ಚಳಿಗೆ ನೋವು ಜಾಸ್ತಿಯಂತೆ."

"ಅಂತೆ? ಯಾರಂತೆ?"

"ನನ್ನ ಮೊಣಕಾಲಂತೆ. ಅದು ನನ್ನ ಹತ್ರ ಮಾತಾಡುತ್ತೆ, ನಿನ್ನ ಹಾಗಲ್ಲ."

"ಹೋದ ವಾರದ ಡಬ್ಬಿ ಆಗಲೇ ಖಾಲಿ. ಹಚ್ಚಿಕೊಳ್ತೀಯೋ, ರೊಟ್ಟಿಗೆ ಸವರಿಕೊಂಡು ತಿಂತೀಯೋ? ಕೂತ್ಕೋ, ನಾನೇ ತಿಕ್ಕಿಕೊಡ್ತೀನಿ."

"ನನ್ನ ಕಾಲು ಮುಟ್ಟಬೇಡ!" ಅಮ್ಮ ಲಂಗ ಬಿಗಿಹಿಡಿದುಕೊಂಡರು. "ಮಾಡಿಕೊಡೋದು ನಿನ್ನ ಕೆಲಸ. ಹಚ್ಚೋದು ನಂದು."

ಅಂಪಾರೊ ಪಾತ್ರೆಯಲ್ಲಿ ಉಳಿದದ್ದನ್ನೂ ಡಬ್ಬಿಗೆ ಕೆರೆದು ಹಾಕಿದಳು. ಮನಸ್ಸು ಗೋಡೆಯಾಚೆ ಇತ್ತು. ನಿನ್ನೆ ಸಂತೆಯಿಂದ ಬರುವಾಗ ದೋನ್ ಫಿದೆನ್ಸಿಯೊ ಮೆಟ್ಟಿಲ ಮೇಲೆ ಕೂತು, ಹಲ್ಲು ಕಚ್ಚಿ ಮೊಣಕಾಲು ನೀವಿಕೊಳ್ಳುತ್ತಿದ್ದುದನ್ನು ನೋಡಿದ್ದಳು. ಕಾಲು ಮುರಿದದ್ದು ತನ್ನಿಂದ. ಆ ಕಾಲಿಗೆ ಆಸರೆಯಾಗಬಹುದಾಗಿದ್ದ ಒಂದೇ ಗಿಡವನ್ನು ಬೋಳು ಮಾಡುತ್ತಿರುವವಳೂ ತಾನೇ.

"ಅಮ್ಮ, ಪಾಪ, ದೋನ್ ಫಿದೆನ್ಸಿಯೊಗೆ ಹಚ್ಚಿಕೊಳ್ಳೋಕೆ ಏನಾದ್ರೂ ಇರುತ್ತಾ?"

ಅಮ್ಮ ಅವಳನ್ನೇ ನೋಡಿದರು. "ನನ್ನ ಯಾಕೆ ಕೇಳ್ತೀಯ? ನಡುವೆ ಇರೋದು ಒಂದೇ ಗೋಡೆ. ಹೋಗಿ ಕೇಳು."

ಗ್ವಾದಲೂಪೆಯ ದೇವಮಾತೆಯ ಪಟದ ಮುಂದೆ ಅಂಪಾರೊ ಒಂದು ಗಳಿಗೆ ನಿಂತಳು. ಆಮೇಲೆ ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟಳು. ಆ ಕಲ್ಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೇ ಏದುಸಿರು ಬಂತು.

ದೋನ್ ಫಿದೆನ್ಸಿಯೊ ಬಲಿಪೂಜೆ ಮುಗಿಸಿ ಬಂದು ಅಂಗಳದಲ್ಲಿ ಪ್ಯಾಂಟು ಮಡಚಿ ಕೂತಿದ್ದರು.

"ನಿಮ್ಮ ಗಿಡ ಕತ್ತರಿಸ್ತಾ ಇರೋದು ನಾನು," ಅಂದಳು. ತಡಮಾಡಿದರೆ ಧೈರ್ಯ ಉಳಿಯುತ್ತಿರಲಿಲ್ಲ. "ಅಮ್ಮನ ಮೊಣಕಾಲಿಗೆ ಅಂತ. ತಪ್ಪಾಯ್ತು. ಇದು ನಿಮಗೆ."

ಅವರು ನಕ್ಕರು. "ಗೊತ್ತು ಮಗಳೇ. ಇಲ್ಲದಿದ್ರೆ ಆ ಗಿಡದ ಭಾರದ ಡಬ್ಬಾನ ಗೋಡೆ ಹತ್ರಕ್ಕೆ ಯಾಕೆ ಎಳಕೊಂಡು ಬರ್ತಿದ್ದೆ? ಆದ್ರೆ ನಿಮ್ಮಮ್ಮನ ಮೊಣಕಾಲು ಅಂದ್ಯಲ್ಲ, ಅದಕ್ಕೇನಾಗಿದೆ? ನೀನು ಸಂತೆಗೆ ಹೋದಾಗೆಲ್ಲ ಆ ಮೆಟ್ಟಿಲು ಚಕಚಕ ಹತ್ತಿ ಬಂದು ಡಬ್ಬಿ ಕೊಟ್ಟು ಹೋಗ್ತಾರೆ. ಇದು ಹಚ್ಚಿದ ಮೇಲೇ ನಾನು ಚರ್ಚಿನವರೆಗೆ ನಡೆಯೋ ಹಾಗಾಗಿದ್ದು."

ಅವರ ಪಕ್ಕದ ಸ್ಟೂಲಿನ ಮೇಲೆ ಅವಳದೇ ಡಬ್ಬಿಗಳು ಸಾಲಾಗಿ, ತೊಳೆದು ಬೋರಲು ಹಾಕಿದ್ದವು. ಹೇಳಬೇಕಾದ ಮಾತು ಇನ್ನೂ ಉಳಿದಿತ್ತು.

"ದೋನ್ ಫಿದೆನ್ಸಿಯೊ, ಆವತ್ತು ಪೊಲೀಸರಿಗೆ..."

"ಮತ್ತೆ ಆ ಫೋನಿನ ಮಾತು ಯಾಕೆ?" ಅವರು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡರು. "ನಾನು ಯಾವತ್ತೋ ಕ್ಷಮಿಸಿದ್ದಾಯ್ತು. ಮೊದಲನೇ ಡಬ್ಬಿ ತಂದ ದಿನವೇ ನಿಮ್ಮಮ್ಮ ಇದೇ ಕಲ್ಲಿನ ಮೇಲೆ ಮಂಡಿಯೂರಿ, 'ಆ ಫೋನ್ ಮಾಡಿದ್ದು ನಾನೇ' ಅಂತ ಒಪ್ಪಿಕೊಂಡ್ರಲ್ಲ."