ಕುಕ್ಕರ್ ಡಬ್ಬದ ಅಮ್ಮ

ಮಕ್ಕಳು ಮಾಡಿದ ರಟ್ಟಿನ ಗೊಂಬೆಗೆ ಅಂಟು ಒಣಗಿದೊಡನೆ ಜೀವ ಬರುವುದು, ಡಬ್ಬದ ಹಳೆಯ ಗುಣ ಅದರಲ್ಲೇ ಉಳಿಯುವುದು ವಸುಮತಿಗೆ ಹೊಸದೇನಲ್ಲ. ಮಿಕ್ಸಿ ಡಬ್ಬದ ಬೆಕ್ಕು ದಿನವಿಡೀ ಗುರ್ರೆಂದರೂ ಸಹಿಸಿಕೊಂಡಿದ್ದಳು. ಆದರೆ ಶಾಲೆಯ 'ನನ್ನ ಕುಟುಂಬ' ಪ್ರದರ್ಶನಕ್ಕೆ ಮಗಳು ಇಂಚರಾ ಅಮ್ಮನನ್ನು ಕುಕ್ಕರ್ ಡಬ್ಬದಲ್ಲಿ ಮಾಡಿದ್ದು ಅತಿಯಾಯಿತು. ಸೋಫಾ ಡಬ್ಬದ ಅಪ್ಪ ಮೂಲೆಯಲ್ಲಿ ಹಾಯಾಗಿ ಮಲಗಿದ್ದ. ರಟ್ಟಿನ ಅಮ್ಮ ಮೇಜಿನ ಮೇಲೆ ನಿಂತು ವಿಷಲ್ ಹಾಕುತ್ತಿದ್ದಳು.

"ಎಲ್ಲರ ಮುಂದೆ ನನ್ನ ಮಾನ ಕಳೀತೀಯೇನೇ? ರೇಷ್ಮೆ ಸೀರೆ ಡಬ್ಬದಲ್ಲಿ ಮಾಡು," ಎಂದಳು ವಸುಮತಿ.

ಇಂಚರಾ ಮಾಡಿದಳು. ಹೊಸ ಅಮ್ಮ ಕಣ್ಣು ಬಿಟ್ಟವಳೇ ನೆಟ್ಟಗೆ ಬೀರುವಿನೊಳಗೆ ಹೋಗಿ ಮಡಿಸಿಕೊಂಡು ಕೂತಳು.

"ಬಾರಮ್ಮ, ಸ್ಕೂಲಿಗೆ ಹೊತ್ತಾಯ್ತು," ಎಂದು ಇಂಚರಾ ಕರೆದಳು.

"ಯಾರದಾದ್ರೂ ಮದುವೆ ಇದ್ರೆ ಹೇಳು, ಬರ್ತೀನಿ," ಎಂದಿತು ಗೊಂಬೆ.

ಇಂಚರಾಳ ಮುಖ ಸಣ್ಣದಾಯಿತು. "ಇದು ನಮ್ಮಮ್ಮನೇ ಅಲ್ಲ. ಬಯ್ಯೋದೇ ಇಲ್ಲ."

ವಸುಮತಿ ಕರಗಿಹೋದಳು. "ಸರಿ, ಕುಕ್ಕರ್ ಅಮ್ಮನನ್ನೇ ಒಯ್ಯಿ. ಆದರೆ ನಾನು ಹೀಗೆಲ್ಲ ಕೂಗಾಡಲ್ಲ ಅಂತ ಮಿಸ್‌ಗೆ ಹೇಳು."

ಹೊರಗೆ ಶಾಲೆಯ ವ್ಯಾನ್ ಹಾರನ್ ಹೊಡೆಯಿತು. ವಸುಮತಿ ಬಾಗಿಲಿಗೆ ಓಡಿದಳು.

"ಇಂಚರಾ, ಶೂ ಎಲ್ಲೇ? ಇಂಚರಾ, ನೀರಿನ ಬಾಟ್ಲಿ! ಇಂಚರಾ!"

ಮೂಲೆಯಲ್ಲಿದ್ದ ರಟ್ಟಿನ ಅಪ್ಪ ಕಣ್ಣು ಬಿಡದೆಯೇ ಹೇಳಿದ: "ಮೂರು ವಿಷಲ್ ಆಯ್ತು. ಗ್ಯಾಸ್ ಆಫ್ ಮಾಡಿ."